ಹಾಲು ಬಿಟ್ಟ ಮನೆಯಲ್ಲಿ ವಾರದ ಅಡುಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಲು, ಮೊಸರು, ತುಪ್ಪ, ಜೇನು, ಮೊಟ್ಟೆ, ಮಾಂಸ ಇವು ಯಾವುದನ್ನೂ ಬಳಸದ ವೀಗನ್ ಆಹಾರಕ್ರಮಕ್ಕೆ ಬದಲಾಗುತ್ತಿರುವ ಬೆಂಗಳೂರಿನ ಓದುಗರು ಊಟದ ಪೂರ್ವತಯಾರಿಯ ಬಗ್ಗೆ ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ, ಪತಿ ಖಾಸಗಿ ಕಂಪನಿಯಲ್ಲಿದ್ದಾರೆ. ಹುಟ್ಟಿನಿಂದ ಸಸ್ಯಾಹಾರಿಗಳಾದ ನಾವಿಬ್ಬರೂ ಕಳೆದ ತಿಂಗಳಿಂದ ಹಾಲು, ಮೊಸರು, ತುಪ್ಪವನ್ನೂ ಬಿಟ್ಟಿದ್ದೇವೆ. ಮೊದಲ ವಾರ ಉತ್ಸಾಹದಿಂದ ಹೊಸ ಹೊಸ ಅಡುಗೆಗಳನ್ನು ಮಾಡಿದೆ. ಈಗ ರಾತ್ರಿ ಎಂಟು ಗಂಟೆಗೆ ಮನೆ ಸೇರಿದಾಗ ಏನು ಮಾಡಬೇಕೆಂದು ತೋಚದೆ ಬ್ರೆಡ್ಡು, ಜಾಮಿನಲ್ಲಿ ಊಟ ಮುಗಿಯುತ್ತಿದೆ. ಜೊತೆಯಲ್ಲಿರುವ ಅತ್ತೆಯವರಿಗೆ ಮೊಸರಿಲ್ಲದೆ ಊಟ ಸೇರುವುದಿಲ್ಲ. ವಾರದ ಅಡುಗೆಯನ್ನು ಮೊದಲೇ ಯೋಜಿಸುವ ಕ್ರಮವನ್ನು ತಿಳಿಸುವಿರಾ? (ಬಸವನಗುಡಿಯ ಓದುಗರು)

ಉತ್ತರ: ನಮ್ಮ ಸೀಮೆಯ ಸಸ್ಯಾಹಾರಿ ಅಡುಗೆಯಲ್ಲಿ ಹುಳಿ, ಸಾರು, ಪಲ್ಯ, ಗೊಜ್ಜು, ಕೋಸಂಬರಿ, ಉಸಲಿ, ರೊಟ್ಟಿ, ಮುದ್ದೆ ಇವೆಲ್ಲ ಬಹುಮಟ್ಟಿಗೆ ಹಾಲಿನ ಸೋಂಕಿಲ್ಲದೆಯೇ ಆಗುವಂಥವು. ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ ಹಾಕಿದರೆ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಹಾಗಾಗಿ ಹೊಸ ಅಡುಗೆಗಳನ್ನು ಕಲಿಯುವ ಅಗತ್ಯ ನಿಮಗೆ ಹೆಚ್ಚೇನೂ ಇಲ್ಲ. ನಿಮ್ಮ ಮನೆಯಿಂದ ನಿಜವಾಗಿ ಹೊರಗೆ ಹೋಗಿರುವುದು ಮೊಸರನ್ನ. ದಣಿದು ಬಂದ ರಾತ್ರಿ ಒಂದಿಷ್ಟು ಅನ್ನಕ್ಕೆ ಮೊಸರು ಕಲಸಿ, ನಂಚಿಕೊಳ್ಳಲು ಉಪ್ಪಿನಕಾಯಿ ಇಟ್ಟುಕೊಂಡರೆ ಹೊಟ್ಟೆ ತುಂಬುತ್ತಿತ್ತು, ಒಂದಷ್ಟು ಪ್ರೋಟೀನೂ ಕ್ಯಾಲ್ಸಿಯಮ್ಮೂ ದೊರೆಯುತ್ತಿದ್ದವು. ಆ ಜಾಗಕ್ಕೆ ಬೇರೇನನ್ನೂ ತರದೆ ಇದ್ದುದರಿಂದ ಅಲ್ಲಿ ಬ್ರೆಡ್ಡು ಬಂದು ಕುಳಿತಿದೆ. ಆದ್ದರಿಂದ ವಾರದ ಯೋಜನೆಯನ್ನು ಭಾನುವಾರದ ವಿಶೇಷ ಅಡುಗೆಯಿಂದ ಆರಂಭಿಸಬೇಡಿ. ವಾರದಲ್ಲಿ ನೀವು ಅತಿ ಹೆಚ್ಚು ದಣಿದಿರುವ ರಾತ್ರಿ ಯಾವುದೋ ಅಲ್ಲಿಂದ ಆರಂಭಿಸಿ, ಆ ರಾತ್ರಿಗೆ ಏನು ಸಿದ್ಧವಿರಬೇಕೆಂದು ಮೊದಲು ಬರೆದುಕೊಳ್ಳಿ.

ಬಿಟ್ಟದ್ದಕ್ಕೆ ಎಷ್ಟು ತುಂಬಬೇಕು ಎಂಬ ಲೆಕ್ಕವೂ ತಿಳಿದಿರಲಿ. ದಿನಕ್ಕೆ ಒಂದು ಲೋಟ ಹಾಲು, ಎರಡು ಬಟ್ಟಲು ಮೊಸರು ತೆಗೆದುಕೊಳ್ಳುತ್ತಿದ್ದವರಿಗೆ ಅವುಗಳಿಂದ ಸುಮಾರು 15 ಗ್ರಾಂ ಪ್ರೋಟೀನ್ ಮತ್ತು 500ರಿಂದ 600 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಕ್ಯಾಲ್ಸಿಯಂ 1,000 ಮಿಲಿಗ್ರಾಂ ಬೇಕು. ಪ್ರೋಟೀನಿನ ಕೊರತೆಯನ್ನು ತುಂಬುವುದು ಸುಲಭ: ಈಗ ತಿನ್ನುತ್ತಿರುವ ಬೇಳೆಯ ಜೊತೆಗೆ ತಲಾ ಎರಡು ಹಿಡಿ ಒಣಕಾಳು, ಅಂದರೆ ಸುಮಾರು 60ರಿಂದ 70 ಗ್ರಾಂ, ದಿನವೂ ಹೆಚ್ಚುವರಿಯಾಗಿ ತಟ್ಟೆಗೆ ಬಂದರೆ ಸಾಕು. ಆದರೆ ಬೇಳೆಗೂ ಕಾಳಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಬೇಳೆಯನ್ನು ಮನೆಗೆ ಬಂದ ಮೇಲೆ ತೊಳೆದು ಕುಕ್ಕರಿಗೆ ಹಾಕಬಹುದು. ಹುರುಳಿ, ಕಡಲೆ, ಅಲಸಂದೆ, ಹೆಸರುಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿರಬೇಕು. ಹೀಗಾಗಿ ಹಾಲು ಬಿಟ್ಟ ಮನೆಯ ವಾರದ ಯೋಜನೆಯೆಂದರೆ ಬಹುತೇಕ ನೆನೆಹಾಕುವ ವೇಳಾಪಟ್ಟಿಯೇ. ಯಾವ ದಿನ ಯಾವ ಅಡುಗೆ ಎಂದು ಬರೆಯುವುದಕ್ಕಿಂತ ಯಾವ ರಾತ್ರಿ ಯಾವ ಕಾಳು ನೀರಿಗೆ ಬೀಳಬೇಕು ಎಂದು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸುವುದು ಹೆಚ್ಚು ಉಪಯುಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ.

ಶನಿವಾರ ರಾತ್ರಿ ಹುರುಳಿಕಾಳನ್ನು ತುಸು ಹೆಚ್ಚಾಗಿಯೇ ನೆನೆಹಾಕಿ. ಭಾನುವಾರ ಬೆಳಿಗ್ಗೆ ಅರ್ಧವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಬಿಟ್ಟು, ಉಳಿದರ್ಧದಿಂದ ಮಧ್ಯಾಹ್ನಕ್ಕೆ ಬಸ್ಸಾರು ಮಾಡಿ. ಕೆಲಸಕ್ಕೆ ಹೋಗುವವರ ಮನೆಗೆ ಬಸ್ಸಾರಿನಷ್ಟು ಹೊಂದುವ ಅಡುಗೆ ಇನ್ನೊಂದಿಲ್ಲ: ಕಾಳು ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಸೇರಿಸಿ ಬೇಯಿಸಿ, ನೀರನ್ನು ಬಸಿದುಕೊಂಡು, ಬೆಂದ ಕಾಳುಸೊಪ್ಪಿನಿಂದ ಒಂದು ಹಿಡಿಯನ್ನು ತೆಂಗಿನಕಾಯಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು, ಖಾರದ ಪುಡಿಯೊಂದಿಗೆ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು, ಮಿಕ್ಕ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ ಆಗುತ್ತವೆ, ನೀರಿನಲ್ಲಿ ಕರಗುವ ಸತ್ವವೂ ಚೆಲ್ಲಿ ಹೋಗುವುದಿಲ್ಲ, ಸಾರು ಮರುದಿನ ರಾತ್ರಿಗೆ ಇನ್ನಷ್ಟು ರುಚಿಯಾಗುತ್ತದೆ. ಸೋಮವಾರ ರಾತ್ರಿ ಬಿಸಿ ಮುದ್ದೆಯೊಂದನ್ನು ಕಟ್ಟಿದರೆ ನಿಮ್ಮ ಊಟ ಸಿದ್ಧ. ಮೊಳಕೆಯೊಡೆದ ಹುರುಳಿಯನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮಂಗಳವಾರದ ಹುಳಿಗೆ ಒದಗುತ್ತದೆ. ಮಂಗಳವಾರ ರಾತ್ರಿ ಕಡಲೆಕಾಳು, ಗುರುವಾರ ರಾತ್ರಿ ಅಲಸಂದೆ ನೆನೆಹಾಕಿ. ನೆನೆದ ಕಾಳನ್ನು ಬೆಳಿಗ್ಗೆ ನೀರು ಬಸಿದು ಫ್ರಿಜ್ಜಿಗೆ ಸೇರಿಸಿಯೇ ಕೆಲಸಕ್ಕೆ ಹೊರಡಿ; ಏಪ್ರಿಲ್ ತಿಂಗಳ ಸೆಕೆಯಲ್ಲಿ ಸಂಜೆಯವರೆಗೆ ನೀರಿನಲ್ಲಿಯೇ ಬಿಟ್ಟರೆ ಹುಳಿ ವಾಸನೆ ಹಿಡಿದು ಕಾಳು ಕೈಬಿಟ್ಟು ಹೋಗುತ್ತದೆ. ಬೇಯಿಸಿದ ಕಾಳು ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.

ಇಡ್ಲಿ ಹಿಟ್ಟಿನ ವಿಷಯವನ್ನು ನಿಮಗೆ ವಿವರಿಸಬೇಕಾಗಿಲ್ಲ. ಭಾನುವಾರ ಸಂಜೆ ರುಬ್ಬಿಟ್ಟರೆ ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಬುಧವಾರ ಪಡ್ಡು ಎಂಬ ಹಳೆಯ ಕ್ರಮವೇ ಸಾಕು. ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್, ಜನವರಿಯಲ್ಲಿ, ಗಾಂಧಿ ಬಜಾರಿನಲ್ಲಿ ಸಿಗುವ ಹಿತಕಿದ ಬೇಳೆಯನ್ನು ಹೆಚ್ಚಾಗಿ ತಂದು ಸಣ್ಣ ಸಣ್ಣ ಪೊಟ್ಟಣಗಳಾಗಿ ಫ್ರೀಜರಿನಲ್ಲಿಟ್ಟುಕೊಳ್ಳಿ. ನೆನೆಹಾಕುವುದು ಮರೆತುಹೋದ ದಿನ ಅದು ಕೈಹಿಡಿಯುತ್ತದೆ.

ಇನ್ನು ಆ ದಣಿದ ರಾತ್ರಿಯ ಮಾತು. ಹೆಸರುಬೇಳೆ ಮತ್ತು ಅಕ್ಕಿಯನ್ನು ಸಮಸಮವಾಗಿ ಹಾಕಿ, ಮೆಣಸು, ಜೀರಿಗೆ, ಶುಂಠಿ, ಕರಿಬೇವಿನ ಒಗ್ಗರಣೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಕೊಟ್ಟರೆ ಅರ್ಧ ಗಂಟೆಯೊಳಗೆ ಖಾರ ಪೊಂಗಲ್ ಆಗುತ್ತದೆ. ಇದಕ್ಕೆ ನೆನೆಹಾಕುವ ಗೋಜಿಲ್ಲ. ಅನ್ನ ಮಾತ್ರ ಇದೆ ಎಂದಾದರೆ ಚಟ್ನಿಪುಡಿಗಳು ಬೇಕು. ಕಡಲೆಕಾಯಿ, ಹುಚ್ಚೆಳ್ಳು, ಅಗಸೆ, ಎಳ್ಳು ಇವುಗಳಲ್ಲಿ ಎರಡು ಬಗೆಯ ಪುಡಿ ಯಾವಾಗಲೂ ಡಬ್ಬಿಯಲ್ಲಿರಲಿ. ಅಗಸೆಯನ್ನು ಪುಡಿ ಮಾಡಿಯೇ ತಿನ್ನಬೇಕು, ಇಡಿಯಾಗಿ ತಿಂದರೆ ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ. ಪುಡಿ ಮಾಡಿದರೆ ಸಸ್ಯಮೂಲದ ಒಮೆಗಾ-3 ಕೊಬ್ಬು ದೊರೆಯುತ್ತದೆ. ಎಳ್ಳನ್ನು ಸಿಪ್ಪೆಸಹಿತ ಬಳಸಿ. ಒಂದು ದೊಡ್ಡ ಚಮಚದಷ್ಟು ಎಳ್ಳಿನಲ್ಲಿ ಸುಮಾರು 90 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅದು ತೀರಾ ಕಡಿಮೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವುದೆಲ್ಲವನ್ನೂ ದೇಹ ಹೀರಿಕೊಳ್ಳುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಈ ದೃಷ್ಟಿಯಿಂದ ಮೇಲು. ಸೊಪ್ಪುಗಳಲ್ಲಿ ಪಾಲಕ್ ಅನ್ನು ಕ್ಯಾಲ್ಸಿಯಮ್ಮಿಗಾಗಿ ನಂಬಬೇಡಿ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ನುಗ್ಗೆಸೊಪ್ಪು ಉತ್ತಮ.

ಮೊಸರನ್ನವೇ ಬೇಕೆನಿಸಿದರೆ ಕಡಲೆಕಾಯಿ ಬೀಜದಿಂದ ಮನೆಯಲ್ಲಿಯೇ ಮೊಸರು ಮಾಡಿಕೊಳ್ಳಬಹುದು. ಒಂದು ಲೋಟ ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರು ಸೇರಿಸುತ್ತ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ. ಈ ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತ ಕುದಿಸಬೇಕು, ಇಲ್ಲವಾದರೆ ತಳ ಹಿಡಿಯುತ್ತದೆ. ಉಗುರುಬೆಚ್ಚಗಾದಾಗ ಎರಡು ಮೂರು ಹಸಿಮೆಣಸಿನಕಾಯಿಗಳ ತೊಟ್ಟುಗಳನ್ನು ಹಾಕಿ ಮುಚ್ಚಿಡಿ. ತೊಟ್ಟಿನಲ್ಲಿರುವ ಸೂಕ್ಷ್ಮಜೀವಿಗಳೇ ಹೆಪ್ಪಿನ ಕೆಲಸ ಮಾಡುತ್ತವೆ. ಮೊದಲ ಸಲ ಮೊಸರು ತೆಳುವಾಗಿರುತ್ತದೆ, ಅದರಿಂದಲೇ ಒಂದು ಚಮಚ ತೆಗೆದು ಮುಂದಿನ ಸಲಕ್ಕೆ ಹೆಪ್ಪು ಹಾಕಿದರೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಚಳಿಗಾಲದಲ್ಲಿ ಪಾತ್ರೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಡುವುದು ಮರೆಯಬೇಡಿ. ಬೀಜದ ವಾಸನೆ ತುಸು ಉಳಿಯುತ್ತದೆ. ಶುಂಠಿ, ಇಂಗು, ಸಾಸಿವೆ ಒಗ್ಗರಣೆ ಬಿದ್ದ ಮೇಲೆ ಅದು ಅಡಗುತ್ತದೆ. ಇದರಲ್ಲಿ ಪ್ರೋಟೀನ್ ಇದೆಯಾದರೂ ಹಸುವಿನ ಮೊಸರಿನಷ್ಟು ಕ್ಯಾಲ್ಸಿಯಂ ಇಲ್ಲವೆಂಬುದನ್ನು ನೆನಪಿಡಿ.

ಅತ್ತೆಯವರ ಮೊಸರಿನ ಬಟ್ಟಲಿಗೆ ಯಾರೂ ಕೈ ಹಾಕುವುದು ಬೇಡ. ಆಹಾರದ ತೀರ್ಮಾನ ಅವರವರದು, ಅದರಲ್ಲೂ ಹಿರಿಯರಿಗೆ ರೂಢಿಯಾದ ಊಟ ತಪ್ಪಿದರೆ ಊಟದ ಪ್ರಮಾಣವೇ ಇಳಿಯುತ್ತದೆ. ಅವರ ಪಾಲಿನ ಹಾಲು ಮನೆಗೆ ಬರಲಿ. ತುಪ್ಪವನ್ನು ಮಾತ್ರ ಅಡುಗೆಗೆ ಹಾಕದೆ ಅವರ ತಟ್ಟೆಗೆ ಬಡಿಸುವ ಪದ್ಧತಿ ಇಟ್ಟುಕೊಂಡರೆ ಒಂದೇ ಅಡುಗೆ ಮೂವರಿಗೂ ಆಗುತ್ತದೆ.

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಹದಿನಾರು ವರ್ಷದ ಮಗಳು ವೀಗನ್ ಆಗುವೆನೆಂದು ಹಟ ಹಿಡಿದಿದ್ದಾಳೆ. ಬೆಳೆಯುವ ವಯಸ್ಸಿನಲ್ಲಿ ಇದು ಸರಿಯೇ? ಬಿ12 ಕೊರತೆಯಾಗುತ್ತದೆಂದು ಎಲ್ಲರೂ ಹೆದರಿಸುತ್ತಿದ್ದಾರೆ. (ಜಯನಗರದ ಓದುಗರು)

ಉತ್ತರ: ಹೆದರಬೇಕಾಗಿಲ್ಲ, ಆದರೆ ಉಪೇಕ್ಷೆ ಮಾಡಬಾರದು. ಸರಿಯಾದ ಯೋಜನೆಯಿದ್ದರೆ ಹದಿಹರೆಯದಲ್ಲಿಯೂ ಈ ಆಹಾರಕ್ರಮ ಸಾಧ್ಯ, ಯೋಜನೆಯಿಲ್ಲದಿದ್ದರೆ ಅಪಾಯ. ವಿಟಮಿನ್ ಬಿ12 ಅನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ಸಸ್ಯಮೂಲದ ಆಹಾರದಲ್ಲಿ ಅದಕ್ಕೆ ನಂಬಬಹುದಾದ ಮೂಲವಿಲ್ಲ. ಹುದುಗಿದ ಇಡ್ಲಿ ಹಿಟ್ಟಿನಲ್ಲಿದೆ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿದೆ ಎಂಬ ಮಾತುಗಳನ್ನು ನೆಚ್ಚಿಕೊಳ್ಳಬೇಡಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಒದಗದ ರೂಪ. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಕೊರತೆ ತಕ್ಷಣ ಕಾಣಿಸದೆ, ಕೆಲವೊಮ್ಮೆ ವರ್ಷಗಳ ನಂತರ ಸುಸ್ತು, ಕೈಕಾಲು ಜೋಮು, ಮರೆವು ಇವುಗಳ ರೂಪದಲ್ಲಿ ಹೊರಬೀಳುತ್ತದೆ. ಸೊಪ್ಪು, ಕಾಳು ಧಾರಾಳವಾಗಿ ತಿನ್ನುವವರಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಹೆಚ್ಚಾಗಿರುವ ಕಾರಣ ರಕ್ತಹೀನತೆ ಮರೆಯಾಗಿದ್ದು, ನರಗಳಿಗೆ ಮಾತ್ರ ಪೆಟ್ಟು ಬೀಳುತ್ತಿರುವ ಸಾಧ್ಯತೆಯೂ ಇದೆ. ಆದುದರಿಂದ ಬಿ12 ಮಾತ್ರೆ ಈ ಆಹಾರಕ್ರಮದ ಕಡ್ಡಾಯ ಭಾಗ. ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ 2,000 ಮೈಕ್ರೋಗ್ರಾಂ. ನಿಮ್ಮ ಮಗಳಿಗೆ ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸಲಿ. ಆರಂಭಿಸುವ ಮುನ್ನವೇ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವಂಥದು), ಬಿ12, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಹಾಲು ಕುಡಿಯುವ ಸಸ್ಯಾಹಾರಿಗಳಲ್ಲಿಯೂ ಬಿ12 ಕೊರತೆ ಸಾಮಾನ್ಯವಾಗಿರುವುದರಿಂದ, ಅವಳು ಯಾವ ಮಟ್ಟದಿಂದ ಹೊರಡುತ್ತಿದ್ದಾಳೆ ಎಂಬುದು ಗೊತ್ತಿರಬೇಕು.

ಕಾಲೇಜಿನ ಡಬ್ಬಿಗೆ ವಾರದಲ್ಲಿ ಎರಡು ದಿನ ತೋಫು, ಅಂದರೆ ಸೋಯಾ ಹಾಲಿನಿಂದ ಮಾಡಿದ ಪನೀರಿನಂಥದು, ಇರಲಿ. ಪೊಟ್ಟಣದ ಮೇಲೆ ಕ್ಯಾಲ್ಸಿಯಂ ಸಲ್ಫೇಟ್ ಎಂದು ಇದ್ದರೆ ಅದನ್ನೇ ಆರಿಸಿ. ಕ್ಯಾಲ್ಸಿಯಂ ಸೇರಿಸಿದ ಸೋಯಾ ಪಾನೀಯವನ್ನು ಕೊಳ್ಳುವುದಾದರೆ ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿ ಸುರಿಯಬೇಕು, ಏಕೆಂದರೆ ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ. ಕಾಳಿನ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳಲೆಂದು ಉಸಲಿಗೂ ಕೋಸಂಬರಿಗೂ ನಿಂಬೆರಸ ಹಿಂಡಿ. ಊಟದ ಹಿಂದು ಮುಂದಿನ ಒಂದು ಗಂಟೆ ಕಾಫಿ, ಟೀ ಬೇಡ. ಅಡುಗೆಗೆ ಅಯೋಡಿನ್ ಉಪ್ಪನ್ನೇ ಬಳಸಿ. ಹಾಲು ಬಿಟ್ಟವರು ಅಯೋಡಿನ್ ಇಲ್ಲದ ಕಲ್ಲುಪ್ಪಿಗೋ ಸೈಂಧವ ಲವಣಕ್ಕೋ ಬದಲಾದರೆ ಅಯೋಡಿನ್ನಿನ ಎರಡೂ ಮೂಲಗಳು, ಹಾಲು ಮತ್ತು ಉಪ್ಪು, ಒಟ್ಟಿಗೆ ತಪ್ಪಿಹೋಗುತ್ತವೆ.

ಇನ್ನೊಂದು ಮಾತನ್ನು ತಾಯಿಯಾದ ನಿಮಗೆ ಹೇಳಲೇಬೇಕು. ಅವಳ ಕಾರಣವನ್ನು ಸಮಾಧಾನದಿಂದ ಕೇಳಿ ತಿಳಿದುಕೊಳ್ಳಿ. ಪ್ರಾಣಿಗಳ ಮೇಲಿನ ಕರುಣೆಯಿಂದ ಎಂದರೆ ಅದನ್ನು ಗೌರವಿಸಿ, ಮನೆಯವರೆಲ್ಲ ಸೇರಿ ಯೋಜನೆ ಮಾಡಿ. ತೂಕ ಇಳಿಸುವ ಆತಂಕವೇ ಕಾರಣವಾಗಿದ್ದು, ಹಾಲಿನ ಜೊತೆಗೆ ಅನ್ನ, ಎಣ್ಣೆ, ಕಾಳುಗಳನ್ನೂ ಒಂದೊಂದಾಗಿ ಬಿಡುತ್ತಿದ್ದಾಳೆ ಎಂದು ಕಂಡುಬಂದರೆ, ಊಟದ ಪಟ್ಟಿಯನ್ನು ಬದಿಗಿಟ್ಟು ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬಂದು ಮಾರತ್ತಹಳ್ಳಿಯ ಪಿ.ಜಿ.ಯಲ್ಲಿದ್ದೇನೆ. ಒಲೆ ಇಲ್ಲ, ಎಲೆಕ್ಟ್ರಿಕ್ ಕೆಟಲ್ ಮಾತ್ರ ಇದೆ. ನನ್ನಂಥವರು ವೀಗನ್ ಆಗಿರಲು ಸಾಧ್ಯವೇ? (ಯುವ ಓದುಗರು)

ಉತ್ತರ: ಸಾಧ್ಯ, ಆದರೆ ಕೋಣೆಯಲ್ಲಿ ಒಂದು ಚಿಕ್ಕ ಉಗ್ರಾಣ ಇಟ್ಟುಕೊಳ್ಳಬೇಕು. ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ, ಅವಲಕ್ಕಿ, ಪುಳಿಯೋಗರೆ ಗೊಜ್ಜು, ಬೆಲ್ಲ, ರಾಗಿ ಹುರಿಹಿಟ್ಟು, ಊರಿನಿಂದ ಬರುವಾಗ ತಂದ ಶೇಂಗಾ ಹಿಂಡಿ ಮತ್ತು ಗುರೆಳ್ಳು ಹಿಂಡಿ, ಇವಿಷ್ಟೂ ಕೆಡದೆ ಉಳಿಯುವಂಥವು. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿದರೆ, ಬೇಯಿಸದೆಯೇ ಸೌತೆಕಾಯಿ ಮತ್ತು ನಿಂಬೆರಸದೊಂದಿಗೆ ಕೋಸಂಬರಿ ಆಗುತ್ತದೆ. ನೆನೆಸಿದ ಅವಲಕ್ಕಿಗೆ ಗೊಜ್ಜು, ಬೀಜ ಕಲಸಿದರೆ ಗೊಜ್ಜವಲಕ್ಕಿ. ರಾಗಿ ಹುರಿಹಿಟ್ಟಿಗೆ ಬಿಸಿನೀರು, ಬೆಲ್ಲ ಬೆರೆಸಿದರೆ ಬೆಳಗಿನ ಉಪಾಹಾರ.

ದರ್ಶಿನಿಗಳಲ್ಲಿ ಇಡ್ಲಿ, ಉದ್ದಿನ ವಡೆ, ಸಾಂಬಾರು, ಪೂರಿ ಸಾಗು ಸಾಮಾನ್ಯವಾಗಿ ಹೊಂದುತ್ತವೆ. ರವೆ ಇಡ್ಲಿಯ ಹಿಟ್ಟನ್ನು ಮೊಸರಿನಲ್ಲಿ ಕಲಸುತ್ತಾರೆ. ಕೇಸರಿಬಾತು, ಪೊಂಗಲ್, ಬಿಸಿಬೇಳೆಬಾತುಗಳಲ್ಲಿ ತುಪ್ಪ ಇರುತ್ತದೆ. ದೋಸೆಗೆ ಎಣ್ಣೆ ಮಾತ್ರ ಹಾಕಿ, ಬೆಣ್ಣೆ ತುಪ್ಪ ಬೇಡವೆಂದು ಟೋಕನ್ ಕೊಡುವಾಗಲೇ ಹೇಳಿ. ಪೊಟ್ಟಣದ ತಿಂಡಿಗಳ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರವೆಂದಷ್ಟೇ ತಿಳಿಸುತ್ತದೆ, ಅದರೊಳಗೆ ಹಾಲಿನ ಪುಡಿ ಇರಬಹುದು. ವೀಗನ್ ಆಹಾರಕ್ಕೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2022ರ ನಿಯಮಗಳಲ್ಲಿ ಪ್ರತ್ಯೇಕ ಚಿಹ್ನೆಯನ್ನು ಗೊತ್ತುಪಡಿಸಿದೆ: ಹಸಿರು ಚೌಕದೊಳಗೆ ಎಲೆ ಚಿಗುರಿದ ಇಂಗ್ಲಿಷಿನ ‘ವಿ’ ಅಕ್ಷರ. ಬಿ12 ಬಗ್ಗೆ ಮೇಲಿನ ಉತ್ತರದಲ್ಲಿ ಹೇಳಿದ್ದು ನಿಮಗೂ ಅನ್ವಯಿಸುತ್ತದೆ.

ಪ್ರಶ್ನೆ: ನನಗೆ 68 ವರ್ಷ. ಮೊಮ್ಮಗನ ಪ್ರೇರಣೆಯಿಂದ ಹಾಲು ಬಿಟ್ಟಿದ್ದೇನೆ. ಸೋಯಾ ಹಾಲು ಹಾಕಿದರೆ ಫಿಲ್ಟರ್ ಕಾಫಿ ಒಡೆಯುತ್ತದೆ. ಪರಿಹಾರವೇನು? ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. (ಮಲ್ಲೇಶ್ವರದ ಹಿರಿಯ ಓದುಗರು)

ಉತ್ತರ: ಕಾಫಿಯಲ್ಲಿರುವ ಆಮ್ಲ ಮತ್ತು ಬಿಸಿ ಎರಡೂ ಸೇರಿ ಸೋಯಾ ಪ್ರೋಟೀನನ್ನು ಒಡೆಯುತ್ತವೆ. ಹಾಲನ್ನು ಕುದಿಸದೆ ಬಿಸಿ ಮಾಡಿಕೊಂಡು, ಡಿಕಾಕ್ಷನ್ನನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಬೆರೆಸಿ ನೋಡಿ. ಹತ್ತು ಗೋಡಂಬಿಯನ್ನು ರಾತ್ರಿ ನೆನೆಸಿ ನುಣ್ಣಗೆ ರುಬ್ಬಿದ ಹಾಲು ಡಿಕಾಕ್ಷನ್ನಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅನಿಸಿಕೆ. ಆದರೆ ಕಾಫಿಗಿಂತ ಮುಖ್ಯವಾದ ಸಂಗತಿ ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿದೆ. ನೀವು ನುಂಗುತ್ತಿರುವುದು ಮೆಟ್‌ಫಾರ್ಮಿನ್ ಆಗಿದ್ದರೆ, ಬಹುಕಾಲದ ಬಳಕೆಯಿಂದ ಅದು ಬಿ12 ಹೀರುವಿಕೆಯನ್ನು ತಗ್ಗಿಸುತ್ತದೆ; ವಯಸ್ಸಾದಂತೆ ಆ ಹೀರುವಿಕೆ ತಾನಾಗಿಯೂ ಕುಗ್ಗುತ್ತದೆ. ಈಗ ಹಾಲೂ ನಿಂತಿದೆ. ಮುಂದಿನ ಭೇಟಿಯವರೆಗೆ ಕಾಯದೆ ನಿಮ್ಮ ವೈದ್ಯರಿಗೆ ವಿಷಯ ತಿಳಿಸಿ ಬಿ12 ಪರೀಕ್ಷೆ ಮಾಡಿಸಿಕೊಳ್ಳಿ. ಊಟದಲ್ಲಿ ಕಾಳು ಹೆಚ್ಚಾಗಿ ಅನ್ನ ಕಡಿಮೆಯಾದರೆ ಸಕ್ಕರೆಯ ಮಟ್ಟವೂ ಬದಲಾಗಬಹುದಾದ್ದರಿಂದ ಮಾತ್ರೆಯ ಪ್ರಮಾಣವನ್ನೂ ಅವರೊಂದಿಗೆ ವಿಚಾರಿಸಿ.

ಪ್ರಶ್ನೆ: ಸಂಕ್ರಾಂತಿ ಮತ್ತು ಯುಗಾದಿಗೆ ಅಡುಗೆಯಲ್ಲಿ ಏನೇನು ಬದಲಾಯಿಸಬೇಕು? (ರಾಜಾಜಿನಗರದ ಓದುಗರು)

ಉತ್ತರ: ಬದಲಾಯಿಸಬೇಕಾದ್ದು ಸ್ವಲ್ಪ. ಯುಗಾದಿಯ ಒಬ್ಬಟ್ಟಿನ ಹೂರಣ ತೊಗರಿಬೇಳೆ, ಬೆಲ್ಲ, ಏಲಕ್ಕಿಯದು. ಕಣಕಕ್ಕೂ ಕಾವಲಿಗೂ ಎಣ್ಣೆ ಬಳಸಿ, ಮೇಲೆ ತುಪ್ಪದ ಬದಲು ಬಿಸಿ ತೆಂಗಿನ ಹಾಲನ್ನು ಬೆಲ್ಲದೊಂದಿಗೆ ಬಡಿಸಿ. ಒಬ್ಬಟ್ಟಿನ ಸಾರಿಗೆ ಎಣ್ಣೆಯ ಒಗ್ಗರಣೆ ಸಾಕು. ಕಡಲೆಬೇಳೆ ಪಾಯಸಕ್ಕೆ ಕೊನೆಯಲ್ಲಿ, ಒಲೆ ಆರಿಸಿದ ಮೇಲೆ ಗಟ್ಟಿ ತೆಂಗಿನ ಹಾಲನ್ನು ಬೆರೆಸಿದರೆ ಒಡೆಯುವುದಿಲ್ಲ. ಸಂಕ್ರಾಂತಿಯ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಗೆ ಯಾವ ತೊಡಕೂ ಇಲ್ಲ. ಸಕ್ಕರೆ ಅಚ್ಚು ಮಾತ್ರ ಗಮನಿಸಬೇಕಾದದ್ದು, ಪಾಕದ ಕಲ್ಮಶ ತೆಗೆಯಲು ಅದಕ್ಕೆ ಹಾಲು ಹಾಕುವುದು ರೂಢಿ. ಅಂಗಡಿಯಿಂದ ತರುವುದಾದರೆ ಕೇಳಿ ತನ್ನಿ. ಮನೆಯಲ್ಲಿ ಮಾಡುವುದಾದರೆ ಹಾಲಿನ ಬದಲು ಕೆಲವು ಹನಿ ನಿಂಬೆರಸ ಹಾಕಿ, ಮೇಲೆ ಬಂದ ನೊರೆಯನ್ನು ಸೌಟಿನಿಂದ ತೆಗೆದು, ಪಾಕವನ್ನು ತೆಳುಬಟ್ಟೆಯಲ್ಲಿ ಸೋಸಿಕೊಂಡ ನಂತರ ಅಚ್ಚಿಗೆ ಹೊಯ್ಯಿರಿ.